ಮೊದಲು ಪರೀಕ್ಷೆ, ಆಮೇಲೆ ಫಾರ್ಮ್ಯಾಟ್

ಕಂಪ್ಯೂಟರ್ ಪದೇ ಪದೇ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ, ಕೆಲಸದ ನಡುವೆ ಬ್ಲೂ ಸ್ಕ್ರೀನ್ ಬರುತ್ತಿದೆ ಎಂದು ರಿಪೇರಿ ಅಂಗಡಿಗೆ ಹೋದವರಿಗೆ ಬಹಳಷ್ಟು ಕಡೆ ಸಿಗುವ ಮೊದಲ ಉತ್ತರ, ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕೋಣ’ ಎಂಬುದು. ಆ ಮಾತು ಬರುವ ಹೊತ್ತಿಗೆ ಯಂತ್ರದ ಕವರ್ ಬಿಚ್ಚಿರುವುದಿಲ್ಲ, ಬ್ಲೂ ಸ್ಕ್ರೀನಿನಲ್ಲಿ ಏನು ಬರೆದಿತ್ತು ಎಂದು ಕೇಳಿರುವುದೂ ಇಲ್ಲ. ಹಾರ್ಡ್‌ವೇರ್ ಕೆಟ್ಟಿದೆಯೋ ಸಾಫ್ಟ್‌ವೇರ್ ಕೆಟ್ಟಿದೆಯೋ ಎಂಬ ಪ್ರಶ್ನೆಯನ್ನು ಎತ್ತುವ ಮೊದಲೇ ಅದಕ್ಕೆ ಉತ್ತರ ತೀರ್ಮಾನವಾಗಿರುತ್ತದೆ. ಈ ರೂಢಿ ನಮ್ಮ ನಡುವೆ ಎಷ್ಟು ಬೇರೂರಿದೆಯೆಂದರೆ ಅದನ್ನೇ ಪತ್ತೆಯ ವಿಧಾನವೆಂದು ಗ್ರಾಹಕರೂ ಒಪ್ಪಿಬಿಟ್ಟಿದ್ದಾರೆ. ಆದರೆ ಫಾರ್ಮ್ಯಾಟ್ ಒಂದು ಚಿಕಿತ್ಸೆ, ಪರೀಕ್ಷೆಯಲ್ಲ. ಪರೀಕ್ಷೆಗೂ ಮೊದಲು ಅದನ್ನು ಮಾಡಿದರೆ ದೋಷ ಎಲ್ಲಿದೆಯೆಂದು ತಿಳಿಯಲು ಇದ್ದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಅದರಿಂದ ಬರುವ ಫಲಿತಾಂಶವೂ ನಂಬಲರ್ಹವಲ್ಲ.

ಅಳಿಸಿಹೋಗುವುದು ಏನೆಂಬುದನ್ನು ಮೊದಲು ನೋಡಬೇಕು. ವಿಂಡೋಸ್ ಕುಸಿದು ಬಿದ್ದಾಗಲೆಲ್ಲ, ಬರೆಯಲು ಅವಕಾಶ ಸಿಕ್ಕರೆ, ಆ ಕ್ಷಣದ ಸ್ಥಿತಿಯನ್ನು ಮಿನಿಡಂಪ್ ಎಂಬ ಸಣ್ಣ ಫೈಲಿನಲ್ಲಿ ಉಳಿಸುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ದಿನಾಂಕ, ಸಮಯದ ಸಮೇತ ನಮೂದು ಬೀಳುತ್ತದೆ. ವಿಸ್ಟಾ ಕಾಲದಿಂದಲೂ ಇರುವ ರಿಲಯಬಿಲಿಟಿ ಮಾನಿಟರ್ ಯಾವ ದಿನ ಯಾವ ಅಪ್‌ಡೇಟ್ ಬಂತು, ಯಾವ ದಿನದಿಂದ ಕುಸಿತ ಶುರುವಾಯಿತು ಎಂಬುದನ್ನು ಒಂದೇ ಪುಟದಲ್ಲಿ ತೋರಿಸುತ್ತದೆ. ‘ಕರ್ನಲ್-ಪವರ್ 41’ ಎಂಬ ನಮೂದನ್ನೇ ತೆಗೆದುಕೊಳ್ಳಿ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಎಂದಷ್ಟೇ ಅದು ಮೇಲ್ನೋಟಕ್ಕೆ ಹೇಳುತ್ತದೆ. ಅದರ ವಿವರ ತೆರೆದರೆ ಬಗ್‌ಚೆಕ್ ಕೋಡ್ ಎಂಬ ಒಂದು ಸಾಲು ಸಿಗುತ್ತದೆ. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್‌ಗೆ ತನ್ನ ಕುಸಿತವನ್ನು ದಾಖಲಿಸಲು ಸಮಯವೇ ಸಿಕ್ಕಿಲ್ಲ ಎಂದರ್ಥ. ಆಗ ಕರೆಂಟ್, ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ವಿಪರೀತ ಬಿಸಿ ಅಥವಾ ಯಂತ್ರ ಪೂರ್ತಿ ಹ್ಯಾಂಗ್ ಆಗಿರುವ ಸಾಧ್ಯತೆಗಳನ್ನು ಮೊದಲು ನೋಡಬೇಕು. ಸೊನ್ನೆಯ ಬದಲು ಬೇರೆ ಸಂಖ್ಯೆ ಇದ್ದರೆ ಹುಡುಕಾಟದ ದಿಕ್ಕೇ ಬದಲಾಗುತ್ತದೆ. ಎರಡು ನಿಮಿಷದಲ್ಲಿ ಓದಬಹುದಾದ ಈ ಸಾಲು ಫಾರ್ಮ್ಯಾಟ್ ಆದ ಮೇಲೆ ಮತ್ತೆ ಸಿಗುವುದಿಲ್ಲ.

ಹಾಗಿದ್ದರೂ ಫಾರ್ಮ್ಯಾಟ್ ಆದ ಮೇಲೆ ಅನೇಕ ಯಂತ್ರಗಳು ಕೆಲವು ವಾರ ಸರಿಯಾಗಿ ಓಡುತ್ತವೆ. ಈ ರೂಢಿಯ ಮೇಲಿನ ನಂಬಿಕೆಗೆ ಅದೇ ಆಧಾರ. ಆದರೆ ಹಾರ್ಡ್‌ವೇರ್ ದೋಷ ಹಾಗೆಯೇ ಇದ್ದರೂ ಹೀಗಾಗಲು ಹಲವು ಕಾರಣಗಳಿವೆ. ರ‍್ಯಾಮಿನ ಒಂದು ಮೂಲೆ ಕೆಟ್ಟಿದ್ದರೆ, ಹೊಸ ವಿಂಡೋಸ್‌ನಲ್ಲಿ ಆ ಮೂಲೆಗೆ ಬೇರೆ ಮಾಹಿತಿ ಹೋಗಿ ಬೀಳುತ್ತದೆ. ಹಿನ್ನೆಲೆಯಲ್ಲಿ ಓಡುತ್ತಿದ್ದ ಹತ್ತಾರು ಪ್ರೋಗ್ರಾಂಗಳು ಇಲ್ಲದ ಕಾರಣ ಭಾರ ಕಡಿಮೆಯಾಗಿ, ಬಿಸಿಯೂ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಫ್ಯಾನಿನ ಧೂಳು ಊದಿರುತ್ತಾರೆ, ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿರುತ್ತಾರೆ. ಗುಣವಾಗಿದ್ದು ಇವುಗಳಲ್ಲಿ ಯಾವುದರಿಂದ ಎಂದು ಹೇಳಲು ದಾರಿಯೇ ಇಲ್ಲ. ಇದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ವಿಂಡೋಸ್ ಹಾಕುವಾಗ ಪ್ರತಿ ಫೈಲೂ ರ‍್ಯಾಮಿನ ಮೂಲಕವೇ ಹಾದು ಡಿಸ್ಕಿಗೆ ಹೋಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಹೊಸ ವಿಂಡೋಸ್‌ನ ಫೈಲುಗಳೂ ಕೆಟ್ಟೇ ಬರೆದುಕೊಳ್ಳಬಹುದು. ಮುಂದೆ ಯಾರಾದರೂ ಪರಿಶೀಲಿಸಿ ‘ಸಿಸ್ಟಮ್ ಫೈಲ್ ಕರಪ್ಟ್ ಆಗಿದೆ, ಸಾಫ್ಟ್‌ವೇರ್ ತೊಂದರೆ’ ಎಂದರೆ ಅವರು ಕಂಡದ್ದು ನಿಜವೇ, ಆದರೆ ಅದು ಪರಿಣಾಮ, ಕಾರಣವಲ್ಲ. ಚಾವಣಿ ಸೋರುತ್ತಿರುವಾಗ ಕೆಳಗಿನ ಗೋಡೆಗೆ ಸುಣ್ಣ ಬಳಿದಂತೆ ಈ ಕೆಲಸ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಸಾಕ್ಷ್ಯ ಓದುವುದರಿಂದ ಎಷ್ಟು ಲಾಭ ಎಂಬುದಕ್ಕೆ 2024ರ ಜುಲೈ ತಿಂಗಳ ಎರಡು ಸುದ್ದಿಗಳು ಒಳ್ಳೆಯ ಉದಾಹರಣೆ. ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ಕುಸಿದವು. ಮೈಕ್ರೋಸಾಫ್ಟ್ ಅಂದಾಜಿನಂತೆ ಅವುಗಳ ಸಂಖ್ಯೆ ಸುಮಾರು 85 ಲಕ್ಷ. ಆನ್ ಮಾಡಿದರೆ ಬ್ಲೂ ಸ್ಕ್ರೀನ್, ರೀಸ್ಟಾರ್ಟ್, ಮತ್ತೆ ಬ್ಲೂ ಸ್ಕ್ರೀನ್. ಒಂದೇ ಯಂತ್ರವನ್ನು ಎದುರಿಗಿಟ್ಟುಕೊಂಡು ನೋಡಿದ್ದರೆ ಮದರ್‌ಬೋರ್ಡೇ ಹೋಗಿದೆ ಎನ್ನಿಸುವಂಥ ಲಕ್ಷಣ. ಆದರೆ ಅಷ್ಟೊಂದು ಯಂತ್ರಗಳು ಒಂದೇ ಹೊತ್ತಿಗೆ ಕೆಟ್ಟವು ಎಂಬ ಸಂಗತಿಯೇ ಸಾಫ್ಟ್‌ವೇರಿನತ್ತ ಬೊಟ್ಟು ಮಾಡುತ್ತಿತ್ತು, ತೆರೆಯ ಮೇಲೆ ಆ ಕಂಪನಿಯ ಡ್ರೈವರಿನ ಹೆಸರೂ ಇತ್ತು. ಪರಿಹಾರವೆಂದರೆ ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಮಾಡಿದ್ದರೂ ಯಂತ್ರ ಎದ್ದು ನಿಲ್ಲುತ್ತಿತ್ತು, ನಿಜ. ಆದರೆ ಒಂದು ಫೈಲಿನ ತಪ್ಪಿಗೆ ಇಡೀ ಡ್ರೈವಿನ ಮಾಹಿತಿಯನ್ನು ಬಲಿ ಕೊಟ್ಟಂತಾಗುತ್ತಿತ್ತು.

ಎರಡನೆಯದು ಇದಕ್ಕೆ ಸರಿಯಾಗಿ ವಿರುದ್ಧವಾದ ಪ್ರಕರಣ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿದ್ದ ಯಂತ್ರಗಳಲ್ಲಿ ಆಟಗಳು ನಡುವೆಯೇ ನಿಂತುಹೋಗುತ್ತಿದ್ದವು. ಬರುತ್ತಿದ್ದ ಸಂದೇಶ ‘ವಿಡಿಯೊ ಮೆಮೊರಿ ಸಾಲದು’ ಎಂದು. ಸಹಜವಾಗಿಯೇ ಜನ ಗ್ರಾಫಿಕ್ಸ್ ಡ್ರೈವರ್ ಬದಲಿಸಿದರು, ಆಟವನ್ನು ಅಳಿಸಿ ಮತ್ತೆ ಹಾಕಿದರು. ನಿಜದಲ್ಲಿ ಪ್ರೊಸೆಸರ್ ಮಾಹಿತಿಯನ್ನು ಡಿಕಂಪ್ರೆಸ್ ಮಾಡುವಾಗ ತಪ್ಪು ಲೆಕ್ಕ ಹಾಕುತ್ತಿತ್ತು. ಅದರ ವೇಗವನ್ನು ಬಯೋಸ್‌ನಲ್ಲಿ ಒಂದೆರಡು ಹಂತ ಇಳಿಸಿದರೆ ಅನೇಕ ಯಂತ್ರಗಳಲ್ಲಿ ಕುಸಿತ ನಿಲ್ಲುತ್ತಿತ್ತು. ಏನನ್ನೂ ಅಳಿಸದೆ, ಒಂದೇ ಒಂದು ಅಂಶ ಬದಲಿಸಿ, ಫಲ ನೋಡುವ ಇಂಥ ಪ್ರಯೋಗವೇ ನಿಜವಾದ ಪರೀಕ್ಷೆ. ಪ್ರೊಸೆಸರ್‌ಗೆ ಮಿತಿಮೀರಿ ವೋಲ್ಟೇಜ್ ಹೋಗುತ್ತಿದೆ, ಅದಕ್ಕೆ ಮೈಕ್ರೋಕೋಡ್‌ನ ದೋಷ ಕಾರಣ ಎಂದು ಇಂಟೆಲ್ ಆ ಜುಲೈನಲ್ಲಿ ಹೇಳಿತು. ಆಗಸ್ಟ್‌ನಿಂದ ತಿದ್ದುಪಡಿಗಳು ಬಂದವು, ಬಾಕ್ಸ್ ಸಮೇತ ಮಾರಿದ ಪ್ರೊಸೆಸರ್‌ಗಳ ವಾರಂಟಿ 2 ವರ್ಷ ಹೆಚ್ಚಿತು. ಆದರೆ ಆಗಲೇ ಹಾಳಾದ ಪ್ರೊಸೆಸರನ್ನು ಯಾವ ತಿದ್ದುಪಡಿಯೂ ಸರಿಮಾಡಲಾರದು. ಅದನ್ನು ಬದಲಿಸಿಯೇ ತೀರಬೇಕು. ಇಲ್ಲಿ ಮೂಲ ತಪ್ಪು ಕೋಡ್‌ನಲ್ಲಿತ್ತು, ಪೆಟ್ಟು ಬಿದ್ದದ್ದು ಸಿಲಿಕಾನ್‌ಗೆ. ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ನಡುವಿನ ಗೆರೆ ಕೆಲವೊಮ್ಮೆ ಮಸುಕು ಎಂಬುದನ್ನು ಒಪ್ಪಲೇಬೇಕು. ಹಾಗೆಂದು ಪತ್ತೆಯ ಕೆಲಸ ನಿರರ್ಥಕವಾಗುವುದಿಲ್ಲ, ಅದರ ಅಗತ್ಯ ಇನ್ನೂ ಹೆಚ್ಚುತ್ತದೆ.

ಈ ರೂಢಿಯ ಪರವಾಗಿ ಹೇಳುವ ಮಾತುಗಳೂ ಹಗುರವಾದವಲ್ಲ. ಹೆಚ್ಚಿನ ತೊಂದರೆಗಳು ಸಾಫ್ಟ್‌ವೇರಿನವೇ, ಗ್ರಾಹಕರಿಗೆ ಸಂಜೆಯೊಳಗೆ ಯಂತ್ರ ಬೇಕು, ಗಂಟೆಗಟ್ಟಲೆ ಪರೀಕ್ಷೆಗೆ ಯಾರೂ ಹಣ ಕೊಡುವುದಿಲ್ಲ ಎಂದು ತಂತ್ರಜ್ಞರು ಹೇಳುತ್ತಾರೆ. ಒಮ್ಮೆ ಮಾತ್ರ ಕುಸಿದ ಯಂತ್ರದ ಮಟ್ಟಿಗೆ ಇದನ್ನು ಒಪ್ಪಬಹುದು. ಪದೇ ಪದೇ ಕುಸಿಯುವ ಯಂತ್ರದ ಕಥೆ ಬೇರೆ. ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು 10 ಲಕ್ಷ ಸಾಮಾನ್ಯ ಬಳಕೆದಾರರ ಕಂಪ್ಯೂಟರ್‌ಗಳ ಮಾಹಿತಿ ವಿಶ್ಲೇಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾರ್ಡ್‌ವೇರ್ ದೋಷದಿಂದ ಒಮ್ಮೆ ಕುಸಿದ ಯಂತ್ರ ಎರಡನೇ ಸಲ ಹಾಗೆಯೇ ಕುಸಿಯುವ ಸಂಭವ ನೂರು ಪಟ್ಟಿನವರೆಗೂ ಹೆಚ್ಚು. ಮರುಕಳಿಸುವ ಕುಸಿತಗಳೆಲ್ಲ ಹಾರ್ಡ್‌ವೇರಿನವೇ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಹಾರ್ಡ್‌ವೇರ್ ದೋಷ ಬಂದುಹೋಗಿ ಮಾಡುತ್ತ ಮರುಕಳಿಸುವ ಜಾತಿಯದು ಎಂಬುದು ಸ್ಪಷ್ಟ. ನಮ್ಮ ಊರುಗಳಲ್ಲಿ ವೋಲ್ಟೇಜ್ ಏರಿಳಿತ, ಅರ್ಥಿಂಗ್ ಇಲ್ಲದ ವೈರಿಂಗ್, ಧೂಳು, ಬೇಸಿಗೆಯ ಸೆಕೆ ಇವೆಲ್ಲ ಇರುವಾಗ ಆ ಸಾಧ್ಯತೆಯನ್ನು ಕೊನೆಗೆ ತಳ್ಳುವುದು ಸರಿಯಲ್ಲ. ಸಮಯದ ವಾದಕ್ಕೂ ಉತ್ತರವಿದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಉಚಿತ ತಂತ್ರಾಂಶ. ಪೆನ್‌ಡ್ರೈವಿನಿಂದ ಶುರುಮಾಡಿ ಅಂಗಡಿ ಮುಚ್ಚಿಕೊಂಡು ಹೋದರೆ ಬೆಳಗಿನ ಹೊತ್ತಿಗೆ ಫಲಿತಾಂಶ ಸಿದ್ಧವಿರುತ್ತದೆ. ಅದಕ್ಕೆ ಯಾರೂ ಪಕ್ಕದಲ್ಲಿ ಕೂರಬೇಕಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಫಾರ್ಮ್ಯಾಟ್ ಆದ ಮೇಲೂ ಕುಸಿತ ಮುಂದುವರಿದರೆ ದೋಷ ಹಾರ್ಡ್‌ವೇರಿನದು ಎಂದು ಖಚಿತವಾಯಿತಲ್ಲ, ಹಾಗಾದರೆ ಅದೂ ಒಂದು ಪರೀಕ್ಷೆಯೇ ಅಲ್ಲವೇ ಎಂಬುದು. ಮೇಲ್ನೋಟಕ್ಕೆ ಸರಿಯೆನಿಸುವ ಈ ತರ್ಕ ಪೂರ್ತಿ ನಿಲ್ಲುವುದಿಲ್ಲ. ಹೊಸ ವಿಂಡೋಸ್ ಇಂಟರ್ನೆಟ್‌ಗೆ ಸೇರಿದ ಕೂಡಲೇ ಹಳೆಯ ದೋಷಪೂರಿತ ಡ್ರೈವರನ್ನೇ ತಾನಾಗಿ ಇಳಿಸಿಕೊಳ್ಳಬಹುದು, ಬಯೋಸ್ ಅಂತೂ ಹಳೆಯದೇ ಉಳಿದಿರುತ್ತದೆ. ಹಾಗಾಗಿ ಕುಸಿತ ಮುಂದುವರಿದರೆ ಹಾರ್ಡ್‌ವೇರ್ ಎನ್ನುವಂತಿಲ್ಲ, ನಿಂತರೆ ಸಾಫ್ಟ್‌ವೇರ್ ಎನ್ನುವಂತೆಯೂ ಇಲ್ಲ. ಇದೇ ಮಾಹಿತಿ ಯಾವ ನಷ್ಟವೂ ಇಲ್ಲದೆ ಸಿಗುವ ದಾರಿಯಿದೆ. ಇರುವ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು ಬೇರೊಂದು ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ ಓಡಿಸಬಹುದು, ಅಥವಾ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ಪ್ರೊಸೆಸರ್ ಮೇಲೆ ಭಾರ ಹಾಕಿ ನೋಡಬಹುದು. ಅಲ್ಲಿಯೂ ಕುಸಿದರೆ ಹಳೆಯ ವಿಂಡೋಸ್ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಕುಸಿಯದಿದ್ದರೆ ಡಿಸ್ಕ್, ಡ್ರೈವರ್, ವಿಂಡೋಸ್ ಮೂರರ ಕಡೆಗೆ ಗಮನ ಹರಿಸಬಹುದು. ಡಿಟಿಪಿ ಮಾಡುವವರ ಫಾಂಟ್‌ಗಳು, ಲೆಕ್ಕಪತ್ರದವರ ಟ್ಯಾಲಿ ಡೇಟಾ, ಮನೆಮಂದಿಯ ಫೋಟೊಗಳು ಯಾವುದಕ್ಕೂ ಕುತ್ತು ಬರುವುದಿಲ್ಲ.

ಪರೀಕ್ಷೆಗಳಿಗೂ ಮಿತಿಗಳಿವೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಮೆಮ್‌ಟೆಸ್ಟ್ ಒಂದು ದೋಷ ತೋರಿಸಿದರೂ ಅದನ್ನು ಗಂಭೀರವಾಗಿ ಪರಿಗಣಿಸಬೇಕು, ಆದರೆ ಏನೂ ತೋರಿಸದಿದ್ದರೆ ರ‍್ಯಾಮ್ ಚೆನ್ನಾಗಿದೆ ಎಂಬ ಖಾತರಿಯಿಲ್ಲ. ಬ್ಲೂ ಸ್ಕ್ರೀನಿನಲ್ಲಿ ಕಾಣುವ ಡ್ರೈವರ್ ಕೆಟ್ಟ ರ‍್ಯಾಮಿಗೆ ಬಲಿಯಾದ ಅಮಾಯಕನೂ ಆಗಿರಬಹುದು. ಅದಕ್ಕಾಗಿಯೇ ಒಂದೇ ಕುಸಿತ ನೋಡಿ ತೀರ್ಪು ಕೊಡದೆ ಹಲವು ಮಿನಿಡಂಪ್‌ಗಳನ್ನು ಜೊತೆಗಿಟ್ಟು ನೋಡಬೇಕು. ಪ್ರತಿ ಸಲವೂ ಒಂದೇ ಡ್ರೈವರ್ ಸಿಕ್ಕಿಬಿದ್ದರೆ ಅನುಮಾನ ಅದರ ಮೇಲೆ ಹೋಗುತ್ತದೆ. ಪ್ರತಿ ಸಲ ಬೇರೆ ಕೋಡ್, ಬೇರೆ ಫೈಲ್ ಬಂದರೆ ರ‍್ಯಾಮ್, ಪ್ರೊಸೆಸರ್, ಎಸ್‌ಎಂಪಿಎಸ್‌ಗಳತ್ತ ತಿರುಗಬೇಕು. ಆಮೇಲಿನ ಹೆಜ್ಜೆ ಕೈಕೆಲಸ. ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದು ಓಡಿಸುವುದು, ಆಮೇಲೆ ಇನ್ನೊಂದನ್ನು ಅದೇ ಸ್ಲಾಟಿಗೆ ಹಾಕಿ ಓಡಿಸುವುದು, ಚೆನ್ನಾಗಿರುವ ಎಸ್‌ಎಂಪಿಎಸ್ ಜೋಡಿಸಿ ನೋಡುವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಶಿಸ್ತು ಇಲ್ಲಿ ಮುಖ್ಯ. ಕುಸಿತವನ್ನು ಬೇಕೆಂದಾಗ ಬರಿಸಲು ಮತ್ತು ಒಂದು ಭಾಗ ಬದಲಿಸಿ ಅದನ್ನು ನಿಲ್ಲಿಸಲು ಬಂದರೆ ಮಾತ್ರ ಕಾರಣ ಸಿಕ್ಕಿತು ಎನ್ನಬಹುದು.

ಫಾರ್ಮ್ಯಾಟಿಗೂ ಅದರದೇ ಜಾಗವಿದೆ. ವೈರಸ್ ಹೊಕ್ಕ ಯಂತ್ರಕ್ಕೆ, ರಿಪೇರಿಗೆ ಬಗ್ಗದಷ್ಟು ಹದಗೆಟ್ಟ ವಿಂಡೋಸ್‌ಗೆ ಅದು ಸರಿಯಾದ ಚಿಕಿತ್ಸೆ. ಹಾರ್ಡ್‌ವೇರ್ ಪರೀಕ್ಷೆ ಮುಗಿದ ಮೇಲೆ ಮಾಡಿದರೆ ಅದರ ಫಲವೂ ಗಟ್ಟಿಯಾಗಿ ನಿಲ್ಲುತ್ತದೆ. ಬದಲಾಗಬೇಕಾದ್ದು ಕ್ರಮ. ಅಂಗಡಿಯವರು ಬಿಲ್ಲಿನಲ್ಲಿ ‘ವಿಂಡೋಸ್ ಇನ್‌ಸ್ಟಾಲ್’ ಎಂದಷ್ಟೇ ಬರೆಯದೆ ಯಾವ ಪರೀಕ್ಷೆ ಮಾಡಿದೆವು, ಏನು ಕಂಡಿತು ಎಂಬುದನ್ನೂ ಬರೆಯಬೇಕು, ಅದಕ್ಕೆ ಶುಲ್ಕವನ್ನೂ ಕೇಳಬೇಕು. ಗ್ರಾಹಕರು ಆ ಶುಲ್ಕವನ್ನು ಮನಃಪೂರ್ವಕ ಕೊಡಬೇಕು. ಪತ್ತೆಯ ಕೆಲಸಕ್ಕೆ ಬೆಲೆಯಿಲ್ಲದ ಕಡೆ ಪತ್ತೆ ಮಾಡುವವರೂ ಉಳಿಯುವುದಿಲ್ಲ. ಯಂತ್ರವನ್ನು ಕೊಡುವ ಮುನ್ನ ಬ್ಲೂ ಸ್ಕ್ರೀನಿನ ಫೋಟೊ ತೆಗೆದಿಟ್ಟುಕೊಳ್ಳುವುದು, ‘ರ‍್ಯಾಮ್ ಟೆಸ್ಟ್ ಮಾಡಿದಿರಾ, ಲಾಗ್ ನೋಡಿದಿರಾ’ ಎಂದು ಕೇಳುವುದು ಯಾರಿಗೂ ಕಷ್ಟವಲ್ಲ. ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಫಾರ್ಮ್ಯಾಟಿಗೆ ಒಪ್ಪಬಾರದು.