ಪ್ಯಾಸ್ಕಲ್ ನಿಯಮ ಮತ್ತು ಮೇಲೇಳದ ಸ್ಪಾಯ್ಲರ್

ಪದವಿಪೂರ್ವ ಮೊದಲ ವರ್ಷದ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪುಸ್ತಕದಲ್ಲಿ ಪ್ಯಾಸ್ಕಲ್ ನಿಯಮಕ್ಕೆ ಕೊಟ್ಟಿರುವ ಲೆಕ್ಕ ಅಧ್ಯಾಪಕರಿಗೆ ಬಾಯಿಪಾಠ. ಒಂದು ಪಿಸ್ಟನ್‌ನ ತ್ರಿಜ್ಯ 5 ಸೆಂ.ಮೀ., ಇನ್ನೊಂದರದು 15 ಸೆಂ.ಮೀ.; 1350 ಕಿ.ಗ್ರಾಂ. ಕಾರನ್ನೆತ್ತಲು ಸುಮಾರು 1500 ನ್ಯೂಟನ್ ಬಲ ಸಾಕು. ಲೆಕ್ಕವೇನೋ ಸರಿ. ಆದರೆ ಅದರಲ್ಲಿ ಎಣ್ಣೆ ಸೋರುವುದಿಲ್ಲ, ಗಾಳಿ ಸೇರುವುದಿಲ್ಲ, ಘರ್ಷಣೆಯೂ ಇಲ್ಲ. ಕೆಟ್ಟು ನಿಂತ ದ್ರವಚಾಲಿತ ಯಂತ್ರದಲ್ಲಿ ಇರುವುದು ಈ ಮೂರೇ!

ಸ್ಪೋರ್ಟ್ಸ್ ಕಾರಿನ ಹಿಂಭಾಗದ ಸ್ಪಾಯ್ಲರನ್ನೇ ನೋಡೋಣ. ವೇಗ ಹೆಚ್ಚಿದಂತೆ ಗಾಳಿಯು ಕಾರಿನ ಹಿಂಬದಿಯನ್ನು ಮೇಲೆತ್ತಲು ನೋಡುತ್ತದೆ. ಅದನ್ನು ತಗ್ಗಿಸುವುದು ಈ ರೆಕ್ಕೆಯ ಕೆಲಸ. ಈ ಬಲಗಳು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 60 ಕಿ.ಮೀ. ವೇಗದಲ್ಲಿ ಅವು 120ರಲ್ಲಿದ್ದುದರ ಕಾಲು ಭಾಗ ಮಾತ್ರ. 2000ದ ಸುಮಾರಿಗೆ ಬಂದ ಪೋರ್ಷೆ 911 ಟರ್ಬೊದಲ್ಲಿ ರೆಕ್ಕೆ ಸುಮಾರು 120 ಕಿ.ಮೀ. ವೇಗದಲ್ಲಿ ಮೇಲೇಳುತ್ತದೆ, 60ಕ್ಕೆ ಇಳಿದಾಗ ಮಡಚಿಕೊಳ್ಳುತ್ತದೆ. ಎತ್ತುವುದು ವಿದ್ಯುತ್ ಪಂಪು ಮತ್ತು ಎರಡು ಪುಟ್ಟ ಸಿಲಿಂಡರುಗಳು.

ರೆಕ್ಕೆ ಅರ್ಧಕ್ಕೇ ನಿಂತಿತೆನ್ನಿ. ಎಣ್ಣೆ ತುಂಬಿ ಕಳಿಸಿಬಿಡುವುದು ಒಂದು ರೀತಿಯ ರಿಪೇರಿ, ಇಡೀ ಜೋಡಣೆಯನ್ನೇ ಬದಲಿಸುವುದು ಇನ್ನೊಂದು. ಎರಡರಲ್ಲೂ ಕಾರಣ ಹುಡುಕುವ ಕೆಲಸವಿಲ್ಲ. ಸಿಲಿಂಡರಿನ ಅಡ್ಡಕೊಯ್ತ 2 ಚದರ ಸೆಂ.ಮೀ., ಚಲನೆ 6 ಸೆಂ.ಮೀ. ಎಂದು ಭಾವಿಸಿ. ಪೂರ್ತಿ ಏಳಲು 12 ಮಿ.ಲೀ. ಎಣ್ಣೆ ಬೇಕು. ಕೊಳವೆಯಲ್ಲಿ 6 ಮಿ.ಲೀ. ಗಾಳಿ ಸಿಕ್ಕಿಕೊಂಡಿದ್ದರೆ, ಉಷ್ಣತೆ ಬದಲಾಗದೆ ಒತ್ತಡ ವಾತಾವರಣದ ಹತ್ತರಷ್ಟಾದಾಗ, ಬಾಯ್ಲ್ ನಿಯಮದಂತೆ ಅದು 0.6 ಮಿ.ಲೀ.ಗೆ ಕುಗ್ಗುತ್ತದೆ. ಪಂಪು ತಳ್ಳಿದ ಎಣ್ಣೆಯಲ್ಲಿ 5.4 ಮಿ.ಲೀ. ಗಾಳಿಯನ್ನು ಹಿಂಡುವುದಕ್ಕೇ ಖರ್ಚು!

ಇದಕ್ಕೆ ಬೇಕಾದ ಅಂಕಿಗಳು ಅದೇ ಪುಸ್ತಕದಲ್ಲಿವೆ, ಘನವಸ್ತುಗಳ ಅಧ್ಯಾಯದ ಕೋಷ್ಟಕದಲ್ಲಿ: ಗಾತ್ರ ಗುಣಾಂಕ ನೀರಿಗೆ 2.2 ಗಿಗಾಪಾಸ್ಕಲ್, ಗಾಳಿಗೆ 0.0001. ಅಂದರೆ 22,000 ಪಟ್ಟು ಅಂತರ. ಮುಂದಿನ ಅಧ್ಯಾಯದ ಪ್ಯಾಸ್ಕಲ್ ಲೆಕ್ಕ ಇದನ್ನು ಬಳಸುವುದೇ ಇಲ್ಲ. ನನ್ನ ತಕರಾರು ಇದೇ.

ಇನ್ನೊಂದು ಅಂಶವೂ ಬಿಟ್ಟುಹೋಗಿದೆ. ಎರಡು ಸಿಲಿಂಡರುಗಳಿಗೂ ಒಂದೇ ಒತ್ತಡ ತಲುಪುತ್ತದೆ ಎನ್ನುತ್ತದೆ ನಿಯಮ. ಎರಡೂ ಒಟ್ಟಿಗೆ ಚಲಿಸುತ್ತವೆ ಎನ್ನುವುದಿಲ್ಲ. ಒಂದರ ಸೀಲು ಗಟ್ಟಿಯಾಗಿ ಘರ್ಷಣೆ ಹೆಚ್ಚಿದ್ದರೆ ಇನ್ನೊಂದು ಮೊದಲು ಏಳುತ್ತದೆ, ರೆಕ್ಕೆ ವಾಲುತ್ತದೆ. ರೆಕ್ಕೆ ವಾಲಿದರೆ ಆಯಾ ಬದಿಯ ಸಿಲಿಂಡರನ್ನು ಮೊದಲು ಪರೀಕ್ಷಿಸಬೇಕು. ಎರಡೂ ಬದಿ ನಿಧಾನವಾದರೆ ಪಂಪು, ಎಣ್ಣೆಯ ಮಟ್ಟ, ಗಾಳಿಯನ್ನು. ಅಧ್ಯಾಪಕರು ಇದನ್ನು ಎರಡು ಸಿರಿಂಜು, ಒಂದು ಪ್ಲಾಸ್ಟಿಕ್ ಕೊಳವೆಯಿಂದಲೇ ತೋರಿಸಬಹುದು: ಮೊದಲು ಬರೀ ನೀರು, ಆಮೇಲೆ ಒಂದು ಗುಳ್ಳೆ ಸೇರಿಸಿ.

ಕ್ರಮವಾದ ರಿಪೇರಿಗೆ ಇಲ್ಲೇನೂ ಕೊರತೆಯಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶ, ಪೀಣ್ಯಗಳ ಲೇತ್ ಶಾಪುಗಳವರಿಗೆ ಓ-ರಿಂಗ್, ಆಯಿಲ್ ಸೀಲ್ ಹೊಸತಲ್ಲ. ಸೋರುವ ಜಾಗ ಪತ್ತೆ ಮಾಡಿ, ಆ ಎಣ್ಣೆಗೆ ಒಗ್ಗುವ ರಬ್ಬರಿನ ಸೀಲು ಹಾಕಿ, ತಯಾರಕರು ಹೇಳಿದ ಎಣ್ಣೆಯನ್ನೇ ತುಂಬಿ, ಗಾಳಿಯನ್ನು ಪೂರ್ತಿ ಹೊರತೆಗೆಯಬೇಕು. ಎತ್ತಿದ ರೆಕ್ಕೆ ತಾನಾಗಿ ಕುಸಿಯುತ್ತದೆಯೇ ಎಂದು ಕೆಲವು ಗಂಟೆ ಕಾದು ನೋಡಬೇಕು. ಪರೀಕ್ಷೆಗೆ ಕಾರಿನೊಳಗಿನ ಗುಂಡಿಯೇ ಸಾಕು. ಕೆಂಗೇರಿ ದಾಟಿದ ಮೇಲೆ ಸಿಗುವ, 2023ರಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲೂ ಕಾರುಗಳಿಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ.; ಕಾನೂನು ಪಾಲಿಸುವ ಚಾಲಕನಿಗೆ ಈ ರೆಕ್ಕೆ ತಾನಾಗಿ ಎದ್ದದ್ದು ಅಲ್ಲಿಯೂ ಕಾಣಸಿಗದು.