ದಿಂಬಿನ ಸುದ್ದಿ ಬಿಡಿ, ಮಹಜರು ಕೇಳಿ

2025ರ ಸೆಪ್ಟೆಂಬರ್‌ನ ಒಂದು ಸಂಜೆ. ಚಿಕ್ಕಲಸಂದ್ರದ ನಮ್ಮ ರಸ್ತೆ ಉತ್ತರಹಳ್ಳಿ ಮುಖ್ಯರಸ್ತೆಗೆ ಸೇರುವ ಕಡೆ ಇರುವ ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಗೋಡೆಯ ಟಿವಿಯಲ್ಲಿ ದಿಂಬಿನ ಸುದ್ದಿ. ರೇಣುಕಾಸ್ವಾಮಿ ಕೊಲೆ ಪ್ರಕರಣದ ಆರೋಪಿ, ನಟ ದರ್ಶನ್‌ಗೆ ಪರಪ್ಪನ ಅಗ್ರಹಾರದ ಜೈಲಿನಲ್ಲಿ ದಿಂಬು ಕೊಡುತ್ತಾರೋ ಇಲ್ಲವೋ ಎಂಬುದರ ಮೇಲೆ ನಾಲ್ಕು ಜನ ಕಿರುಚುತ್ತಿದ್ದರು. ಕಾಫಿ ಮುಗಿಸಿ, ಪಕ್ಕದ ಅಂಗಡಿಯಲ್ಲಿ ಸೊಪ್ಪು ತೆಗೆದುಕೊಂಡು ಬರುವಾಗಲೂ ಅದೇ ದಿಂಬು. ಅಲ್ಲಿ ನಿಂತಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಒಬ್ಬರಾದರೂ, ಅದಕ್ಕೂ ಕೆಲವೇ ವಾರಗಳ ಹಿಂದೆ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಜಾಮೀನು ರದ್ದು ಮಾಡಿ ಕೊಟ್ಟ ತೀರ್ಪಿನಲ್ಲಿ ಏನಿದೆ ಎಂದು ಕೇಳಿರಲಿಲ್ಲ. ನನಗೆ ಸಿಟ್ಟು ಬಂತು. ಕರ್ನಾಟಕದಲ್ಲಿ ಇಷ್ಟು ಜನ ಇಷ್ಟು ದಿನ ಒಂದೇ ಮೊಕದ್ದಮೆಯ ಮೇಲೆ ಕಣ್ಣಿಟ್ಟು ಕೂತದ್ದನ್ನು ನಾನು ಕಂಡಿಲ್ಲ. ಇಷ್ಟು ಕಣ್ಣುಗಳಿಗೆ ಕಾಣಿಸಿದ್ದು ಒಂದು ದಿಂಬು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೊಲೆ ಮೊಕದ್ದಮೆಯನ್ನು ವಕೀಲರ ನೇರಪ್ರಸಾರದ ವ್ಯಾಖ್ಯಾನದ ಮೂಲಕ ಹಿಂಬಾಲಿಸುವುದು ದೊಡ್ಡ ವಿದ್ಯೆ. ಅದಕ್ಕೆ ಕಿವಿ ಪಳಗಬೇಕು. ಎಫ್‌ಐಆರ್ ಎಂದರೇನು, ಸೆಷನ್ಸ್ ಕೋರ್ಟ್ ಎಲ್ಲಿದೆ ಎಂಬುದನ್ನೆಲ್ಲ ನಾನಿಲ್ಲಿ ಹೇಳಲು ಹೋಗುವುದಿಲ್ಲ. ಅಷ್ಟು ನಿಮಗೆ ಗೊತ್ತು.

ಮೊದಲು, ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬ ಅಂದಾಜು ಇರಲಿ. ಕರ್ನಾಟಕ ಹೈಕೋರ್ಟ್ ನೇರಪ್ರಸಾರದ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಆ ಫೆಬ್ರವರಿಯಲ್ಲಿ ಹಿಜಾಬ್ ಪ್ರಕರಣದ ವಾದವನ್ನು ನಾಡಿಗೆ ನಾಡೇ ಕೂತು ನೋಡಿತು. ಆದರೆ ಹೈಕೋರ್ಟಿನಲ್ಲಿ ನಡೆಯುವುದು ವಾದ. ಸಾಕ್ಷಿ ನುಡಿಯುವುದು, ಪಾಟಿ ಸವಾಲು ನಡೆಯುವುದು ವಿಚಾರಣಾ ನ್ಯಾಯಾಲಯದಲ್ಲಿ, ಅಲ್ಲಿಗೆ ಕ್ಯಾಮೆರಾ ಇಲ್ಲ. ಸಾಕ್ಷ್ಯ ದಾಖಲಿಸುವುದನ್ನು ಪ್ರಸಾರ ಮಾಡಬಾರದೆಂದು ನಿಯಮವೇ ಹೇಳುತ್ತದೆ, ಹೇಳಿದ್ದು ಸರಿಯಾಗಿಯೇ ಇದೆ. ನಾಳೆ ಕಟಕಟೆ ಹತ್ತಬೇಕಾದ ಸಾಕ್ಷಿ ಇವತ್ತಿನ ಸಾಕ್ಷಿಯ ಮಾತನ್ನು ಮನೆಯಲ್ಲಿ ಕೂತು ಕೇಳಿದರೆ ಇಬ್ಬರ ಮಾತೂ ಒಂದೇ ಆಗಿಬಿಡುತ್ತದೆ. ಹೀಗಾಗಿ ಮೊಕದ್ದಮೆಯ ತಿರುಳನ್ನು ನಾವು ನೋಡುವಂತಿಲ್ಲ, ಸಂಜೆ ನೇರಪ್ರಸಾರಕ್ಕೆ ಕೂರುವ ವಕೀಲರ ಬಾಯಿಂದ ಕೇಳಬೇಕು.

ಇದು ಕೊರತೆ ಎಂದು ಕೊರಗುವವರು ತಾಳಮದ್ದಳೆ ಕೇಳಿದವರಲ್ಲ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿಯುತ್ತದೆ, ಅರ್ಥಧಾರಿ ಮಾತು ತೆಗೆಯುತ್ತಾನೆ. ವಾಲಿ ಸಾಯುತ್ತಾನೆಂದು ಕೇಳುವವರಿಗೆಲ್ಲ ಗೊತ್ತು. ಆದರೂ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಯಾವ ಧರ್ಮದ ಎಳೆ ಹಿಡಿದು ಉತ್ತರ ಕೊಡುತ್ತಾನೆ ಎಂದು ರಾತ್ರಿಯೆಲ್ಲ ಕೂರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವನು ನಾನು. ಆ ಅರ್ಥಧಾರಿಯಂತೆಯೇ ಒಳ್ಳೆಯ ವ್ಯಾಖ್ಯಾನಕಾರನೂ ಎದುರು ಪಕ್ಷದ ವಾದವನ್ನು ಅದರ ಪೂರ್ತಿ ಬಲದೊಂದಿಗೆ ಕಟ್ಟಿಕೊಟ್ಟು ಆಮೇಲೆ ಅದಕ್ಕೆ ಉತ್ತರ ಹುಡುಕುತ್ತಾನೆ. ಮುಗಿಯುವ ಹೊತ್ತಿಗೆ ಅವನು ಯಾರ ಕಡೆ ಎಂದು ನಿಮಗೆ ತಿಳಿಯಬಾರದು.

ವ್ಯಾಖ್ಯಾನಕಾರರನ್ನು ಆರಿಸಲು ನನ್ನ ಪರೀಕ್ಷೆ ಸುಲಭ. ಆ ದಿನದ ಆರ್ಡರ್ ಶೀಟ್ ಓದಿಕೊಂಡು ಬಂದಿದ್ದಾರೆಯೇ? 'ಆರೋಪಿ' ಎನ್ನುತ್ತಾರೋ 'ಕೊಲೆಗಾರ' ಎನ್ನುತ್ತಾರೋ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆಯೇ? ಈ ಮೂರರಲ್ಲಿ ಒಂದು ತಪ್ಪಿದರೂ ಮುಚ್ಚಿಬಿಡಿ. ಕಲಾಪದ ತುಣುಕು ಕತ್ತರಿಸಿ ಹಿನ್ನೆಲೆ ಸಂಗೀತ ಹಾಕುವವರನ್ನಂತೂ ಹತ್ತಿರ ಸೇರಿಸಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತಿನ ತುಣುಕುಗಳು ಹರಿದಾಡಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದೇ ತಿಂಗಳು ಹೈಕೋರ್ಟ್ ಇಂಥ ತುಣುಕು ಹಂಚಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು. ನಿಮ್ಮ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಇರಲಿ. ಹದಿನಾರು ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ವಾಯಿದೆ ಯಾವಾಗ ಎಂದು ನಿಮಗೇ ತಿಳಿಯುತ್ತದೆ, ಯಾರ ಥಂಬ್‌ನೇಲೂ ಬೇಡ.

ಈಗ ಮುಖ್ಯ ವಿಷಯಕ್ಕೆ, ಸಾಕ್ಷಿಗಳ ಮುಂದೆ ಪೊಲೀಸರು ಸ್ಥಳದಲ್ಲೇ ಬರೆಯುವ ದಾಖಲೆಗೆ, ಬರುತ್ತೇನೆ. ಮಹಜರು.

ನಾನು ಸರ್ಕಾರಿ ನೌಕರಿಯಲ್ಲಿದ್ದಾಗ ಒಂದು ಬೆಳಿಗ್ಗೆ ಪೊಲೀಸರು ಕಚೇರಿಗೆ ಬಂದು ನನ್ನನ್ನೂ ಇನ್ನೊಬ್ಬ ಸಹೋದ್ಯೋಗಿಯನ್ನೂ ಪಂಚರಾಗಿ, ಅಂದರೆ ಮಹಜರಿನ ಸಾಕ್ಷಿಗಳಾಗಿ, ಕರೆದೊಯ್ದರು. ಕಳವಿನ ಕೇಸು. ಆರೋಪಿ ಒಂದು ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ, ನೀರಿನ ತೊಟ್ಟಿಯ ಹಿಂದಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಕಬ್ಬಿಣದ ಸರಳು ತೆಗೆದುಕೊಟ್ಟ. ಅದನ್ನು ಬಿಳಿ ಬಟ್ಟೆಯಲ್ಲಿ ಹೊಲಿದರು, ಅರಗು ಕರಗಿಸಿ ಮೊಹರು ಒತ್ತಿದರು, ಚೀಟಿ ಅಂಟಿಸಿದರು. ನಾನು ಸಹಿ ಹಾಕಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆ. ಎರಡು ವರ್ಷದ ಮೇಲೆ ಸಮನ್ಸ್ ಬಂತು. ಸರ್ಕಾರಿ ವಕೀಲರ ಮುಂದೆ ಎಲ್ಲ ಸಲೀಸಾಗಿ ಹೇಳಿದೆ. ಆಮೇಲೆ ಆರೋಪಿ ಪರ ವಕೀಲರು ಎದ್ದರು. ವಯಸ್ಸಾದವರು, ಮೆಲುದನಿ.

"ಸ್ವಾಮಿ, ಮಹಜರು ಬರೆದವರು ಯಾರು?"

"ಒಬ್ಬರು ಪೇದೆ."

"ಕೂತು ಬರೆದರೋ, ನಿಂತು ಬರೆದರೋ?"

ನನಗೆ ನೆನಪಿರಲಿಲ್ಲ.

"ಆ ಚೀಟಿಗೆ ನೀವು ಸಹಿ ಹಾಕಿದ್ದು ಅರಗು ಒತ್ತುವ ಮುಂಚೆಯೋ, ಆಮೇಲೋ?"

ಅದೂ ನೆನಪಿರಲಿಲ್ಲ. ತೊಟ್ಟಿ ಮನೆಯ ಎಡಕ್ಕೋ ಬಲಕ್ಕೋ ಎಂದರು. ಎಡಕ್ಕೆ ಎಂದೆ. ಮಹಜರಿನಲ್ಲಿ ಉತ್ತರಕ್ಕೆ ಎಂದಿತ್ತು. ಎಡ ಎಂದರೆ ಉತ್ತರವೋ ಅಲ್ಲವೋ ಎಂದು ಕಟಕಟೆಯಲ್ಲಿ ನಿಂತು ನಾನು ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಅವರು ಹೇಳಿದರು, ಠಾಣೆಯಲ್ಲೇ ಬರೆದಿಟ್ಟಿದ್ದ ಕಾಗದಕ್ಕೆ ನೀವು ಸಹಿ ಹಾಕಿದ್ದೀರಿ. ನಾನು ಇಲ್ಲ ಎಂದೆ. ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು: ಠಾಣೆಯಲ್ಲಿ ಸಹಿ ಮಾಡಿದ್ದೇನೆ ಎಂದರೆ ಸರಿಯಲ್ಲ.

ಆ ವಾಕ್ಯ ಕೇಳಿದಾಗ ನನ್ನ ಕಿವಿ ತೆರೆಯಿತು. ನಾನು ಕಣ್ಣಾರೆ ಕಂಡ ಸಂಗತಿ ಅಲ್ಲಿ ಸಾಕ್ಷ್ಯವಾಗುತ್ತಿತ್ತು, ಅಥವಾ ನನ್ನ ಮರೆವಿನಿಂದ ಆಗದೇ ಹೋಗುತ್ತಿತ್ತು. ನಮ್ಮ ಕನ್ನಡ ನ್ಯಾಯಾಲಯಗಳ ಸಾಕ್ಷಿ ಹೇಳಿಕೆಗಳನ್ನು ಓದಿ ನೋಡಿ. 'ಎಂದರೆ ಸರಿ', 'ಎಂದರೆ ಸರಿಯಲ್ಲ', 'ನೆನಪಿಲ್ಲ'. ಪ್ರಶ್ನೆಯನ್ನು ಬೇರೆಯಾಗಿ ಬರೆಯುವುದಿಲ್ಲ, ಉತ್ತರದ ಹೊಟ್ಟೆಯೊಳಗೇ ಪ್ರಶ್ನೆ ಇರುತ್ತದೆ. 'ಸ್ಥಳದಲ್ಲಿ ಬೀದಿದೀಪ ಇರಲಿಲ್ಲ ಎಂದರೆ ಸರಿ' ಎಂಬ ಒಂದು ಸಾಲಿಗೆ ಇಡೀ ಗುರುತಿಸುವಿಕೆಯೇ ಕುಸಿಯಬಹುದು. ನಿಮ್ಮ ವ್ಯಾಖ್ಯಾನಕಾರರು ಈ ಸಾಲುಗಳನ್ನು ಓದಿ ಹೇಳುತ್ತಿದ್ದರೆ ಅವರನ್ನು ಬಿಡಬೇಡಿ.

ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡರೆ ಅದಕ್ಕೆ ಬೆಲೆ ಇಲ್ಲ ಎಂಬುದು ಹಳೆಯ ಸಾಕ್ಷ್ಯ ಕಾಯ್ದೆಯ ಬುನಾದಿ. ಟಿವಿಯವರು 'ತಪ್ಪೊಪ್ಪಿಕೊಂಡ' ಎಂದು ಕೂಗುವಾಗ ಇದನ್ನು ನೆನಪಿಡಿ. ಆ ಗೋಡೆಯಲ್ಲಿ ಇರುವುದು ಒಂದೇ ಕಿಂಡಿ, 27ನೇ ಕಲಮು. ಆರೋಪಿಯ 'ಸ್ವಇಚ್ಛಾ ಹೇಳಿಕೆ'ಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ಕಾರಣವಾದ ಮಾತು ಎಷ್ಟೋ ಅಷ್ಟು ಮಾತ್ರ ಒಳಗೆ ಬರುತ್ತದೆ. ಆ 'ಅಷ್ಟು ಮಾತ್ರ' ಎಷ್ಟು ಎಂಬುದರ ಮೇಲೇ ಎಷ್ಟೋ ಕೊಲೆ ಕೇಸುಗಳು ನಿಂತಿವೆ, ಬಿದ್ದಿವೆ. 1946ರಲ್ಲಿ ಪುಲುಕುರಿ ಕೊಟ್ಟಯ್ಯನ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಬಿಡಿಸಿ ಹೇಳಿತು. ಚಾಕು ಸಿಕ್ಕಿತು ಎಂಬುದು ಸಂಗತಿಯಲ್ಲ, ಚಾಕು ಲೋಕಕ್ಕೆ ಎಂದೋ ಗೊತ್ತು. ಅದು ಇಂಥ ಜಾಗದಲ್ಲಿದೆ ಎಂಬ ಅರಿವು ಈ ಮನುಷ್ಯನಿಗಿತ್ತು ಎಂಬುದು ಸಂಗತಿ. 'ಇದರಿಂದ ಇರಿದೆ' ಎಂದು ಅವನು ಸೇರಿಸಿದ್ದರೆ ಆ ಮಾತು ಹೊರಗೇ ಉಳಿಯುತ್ತದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಊರಿನಲ್ಲೇ ಇದರ ಮಹಾ ಉದಾಹರಣೆ ಇದೆ. ದಿವಾನ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಕೇರೆ 1991ರಲ್ಲಿ ಕಾಣೆಯಾದರು. ಮೂರು ವರ್ಷ ಸುಳಿವಿರಲಿಲ್ಲ. 1994ರ ಮಾರ್ಚ್‌ನಲ್ಲಿ ಅವರ ಎರಡನೇ ಗಂಡ ಶ್ರದ್ಧಾನಂದ ರಿಚ್‌ಮಂಡ್ ರಸ್ತೆಯ ಅವರ ಮನೆಯ ಅಂಗಳದಲ್ಲಿ ತೋರಿಸಿದ ಜಾಗವನ್ನು ಅಗೆದಾಗ ಪೆಟ್ಟಿಗೆಯೊಳಗೆ ಅಸ್ಥಿ ಸಿಕ್ಕಿತು. ಅಗೆತವನ್ನು ವಿಡಿಯೊ ಮಾಡಿದ್ದರು. ಆ ಕಾಲಕ್ಕೆ ಅದು ಬಲು ಅಪರೂಪ. ನೆಲದ ಮೇಲೆ ಗುರುತು ಹಾಕಿ ತೋರಿಸುವ ಆ ಕ್ಷಣ 27ನೇ ಕಲಮಿನ ಜೀವ. 2008ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಯ ಬದಲು ಉಸಿರಿರುವ ತನಕ ಬಿಡುಗಡೆಯಿಲ್ಲದ ಜೀವಾವಧಿ ವಿಧಿಸಿತು. ಜನಕ್ಕೆ ನೆನಪಿರುವುದು ಸ್ವಾಮಿ ಮತ್ತು ಆಸ್ತಿ. ನನಗೆ ನೆನಪಿರುವುದು ಅಂಗಳದಲ್ಲಿ ನಿಂತಿದ್ದ ಪಂಚರು.

ಈ ಕಿವಿಯಿಂದ ರೇಣುಕಾಸ್ವಾಮಿ ಪ್ರಕರಣವನ್ನು ಕೇಳಿ ನೋಡಿ. 2024ರ ಜೂನ್‌ನಲ್ಲಿ ಚಿತ್ರದುರ್ಗದ ಆ ಯುವಕನನ್ನು ಕರೆತಂದು ಪಟ್ಟಣಗೆರೆಯ ಶೆಡ್ಡಿನಲ್ಲಿ ಕೊಂದರು ಎಂಬುದು ಆರೋಪ. ಶವ ಸಿಕ್ಕಿದ್ದು ಸುಮನಹಳ್ಳಿಯ ರಾಜಕಾಲುವೆಯ ಬಳಿ. ಹದಿನೇಳು ಆರೋಪಿಗಳು, 3,991 ಪುಟದ ದೋಷಾರೋಪ ಪಟ್ಟಿ. ಪವಿತ್ರಾ ಗೌಡ ಎ1, ದರ್ಶನ್ ಎ2. ಈ ಅಂಕಿಗಳು ಕ್ರಮಸಂಖ್ಯೆ ಅಷ್ಟೇ, ಯಾರ ಪಾಲು ಹೆಚ್ಚು ಎಂದು ಹೇಳುವುದಿಲ್ಲ. ಕೃತ್ಯ 2024ರ ಜುಲೈ 1ಕ್ಕೆ ಮುಂಚಿನದು, ಹಾಗಾಗಿ ಹಳೆಯ 302ನೇ ಕಲಮೇ, ನ್ಯಾಯ ಸಂಹಿತೆಯ 103 ಅಲ್ಲ. ಶೆಡ್ಡು, ಬಟ್ಟೆ, ಚಪ್ಪಲಿ, ಫೋನು, ದುಡ್ಡು, ಪ್ರತಿಯೊಂದಕ್ಕೂ ಮಹಜರು, ಪ್ರತಿ ಮಹಜರಿಗೂ ಪಂಚರು. ಹೈಕೋರ್ಟಿನಲ್ಲಿ ಹಿರಿಯ ವಕೀಲ ಸಿ.ವಿ. ನಾಗೇಶ್ ದರ್ಶನ್ ಪರ ವಾದಿಸಿದಾಗ ಒಂದು ಎಳೆ ಜಪ್ತಿಗಳ ವಿಶ್ವಾಸಾರ್ಹತೆ, ಇನ್ನೊಂದು ಬಂಧನದ ಕಾರಣವನ್ನು ಲಿಖಿತವಾಗಿ ಕೊಡಲಿಲ್ಲ ಎಂಬುದು. ನಾನು ಆ ದಿನಗಳಲ್ಲಿ ಮಧ್ಯಾಹ್ನದ ನಿದ್ದೆ ಬಿಟ್ಟು ಕೇಳಿದ್ದೇನೆ. ಕೇಳುವಾಗ ನನಗೆ ದರ್ಶನ್ ಮುಖ ನೆನಪಿಗೆ ಬರಲಿಲ್ಲ, ನನ್ನ ನೀರಿನ ತೊಟ್ಟಿ ಬಂತು.

2024ರ ಡಿಸೆಂಬರ್ 13ರಂದು ಏಳು ಮಂದಿಗೆ ಜಾಮೀನು ಸಿಕ್ಕಿತು. ಅಭಿಮಾನಿಗಳು ಪಟಾಕಿ ಹೊಡೆದರು, ಖುಲಾಸೆಯೇ ಆದಂತೆ. ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ತಕ್ಕಡಿಗೆ ಹಾಕಿ ತೂಗುವಂತಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಪಾರ್ದಿವಾಲಾ ಮತ್ತು ಮಹಾದೇವನ್ ಅವರ ಪೀಠ ಆ ಆದೇಶವನ್ನು ರದ್ದು ಮಾಡಿದಾಗ ಹಿಡಿದ ಮುಖ್ಯ ಎಳೆಗಳಲ್ಲಿ ಇದೂ ಒಂದು. ಲಿಖಿತ ಕಾರಣ ಕೊಡದಿದ್ದರಿಂದ ಆರೋಪಿಗಳಿಗೆ ಏನು ಬಾಧಕವಾಯಿತು ಎಂದೂ ಅದು ಕೇಳಿತು. ರದ್ದಾದ ದಿನ ಕುಣಿದವರೂ ಅದೇ ತಪ್ಪು ಮಾಡಿದರು, ಶಿಕ್ಷೆಯೇ ಆದಂತೆ. 2025ರ ನವೆಂಬರ್ 3ರಂದು ಕಿಕ್ಕಿರಿದ ಕೋರ್ಟ್ ಹಾಲ್‌ನಲ್ಲಿ ಆರೋಪ ನಿಗದಿಯಾಯಿತು, ಆರೋಪಿಗಳು ಅಲ್ಲಗಳೆದರು. ಕಥೆ ಶುರುವಾಗುವುದು ಅಲ್ಲಿಂದ.

ಪ್ರತಿಕೂಲ ಸಾಕ್ಷಿಯ ಬಗ್ಗೆ ಒಂದೇ ಮಾತು: ಸಾಕ್ಷಿ ತಿರುಗಿಬಿದ್ದ ಎಂದ ಮಾತ್ರಕ್ಕೆ ಅವನ ಹೇಳಿಕೆಯೆಲ್ಲ ಕಸದ ಬುಟ್ಟಿಗೆ ಹೋಗುವುದಿಲ್ಲ, ಎಷ್ಟು ಉಳಿಯಿತು ಎಂದು ಕೇಳಿ.

ಕಣ್ಣಾರೆ ಕಂಡವರಿಲ್ಲದ ಕೇಸಾದರೆ 1984ರ ಶರದ್ ಸಾರ್ದಾ ತೀರ್ಪಿನ ಐದು ಸೂತ್ರಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಸುಪ್ರೀಂ ಕೋರ್ಟೇ ಅವನ್ನು ಪಂಚಶೀಲ ಎಂದು ಕರೆದಿದೆ. ನಮ್ಮ ಬನಶಂಕರಿಯ ಕಡೆಯವರು 2003ರ ಡಿಸೆಂಬರ್‌ನ ರಿಂಗ್ ರೋಡ್ ಕೊಲೆಯನ್ನು ಮರೆತಿಲ್ಲ. ನಿಶ್ಚಿತಾರ್ಥವಾಗಿ ದಿನಗಳಲ್ಲೇ ಗಿರೀಶ್ ಎಂಬ ಯುವಕ ಕೊಲೆಯಾದ. ಫೋನ್ ಕರೆಗಳ ದಾಖಲೆ ಒಂದೊಂದೇ ಕೊಂಡಿಯಾಗಿ ಸೇರಿಕೊಂಡ ಕೇಸು ಅದು. ಆಗ ನಮಗೆ ವ್ಯಾಖ್ಯಾನ ಹೇಳುವವರು ಇರಲಿಲ್ಲ. ಪತ್ರಿಕೆಯ ಕತ್ತರಿಕೆ ಇಟ್ಟುಕೊಂಡು, ಹಾಲಿನ ಬೂತಿನ ಮುಂದೆ ನಿಂತು ನಾವು ನಾವೇ ವಾದ ಮಾಡುತ್ತಿದ್ದೆವು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಪರಾಧಿಗಳ ಶಿಕ್ಷೆ ಎತ್ತಿಹಿಡಿದು, ಕ್ಷಮಾದಾನಕ್ಕೆ ರಾಜ್ಯಪಾಲರಲ್ಲಿ ಅರ್ಜಿ ಹಾಕಿಕೊಳ್ಳಲು ಎಂಟು ವಾರ ಕೊಟ್ಟಿತು. ಇಪ್ಪತ್ತೊಂದು ವರ್ಷ ಹಿಂಬಾಲಿಸಿದವರು ಆ ತೀರ್ಪನ್ನು ಓದಿದ ಬಗೆಯೇ ಬೇರೆ.

ನಮ್ಮ ಮೇಲಿನ ಮನೆಯ ಹುಡುಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. "ಅಂಕಲ್, ಒಂದು ಗಂಟೆ ಕೇಳೋಕೆ ಆಗಲ್ಲ, ಮೂರು ನಿಮಿಷದಲ್ಲಿ ಯಾರು ಗೆದ್ರು ಹೇಳಿಬಿಡಿ" ಎಂದ. ನಾನು ಹೇಳಲಿಲ್ಲ. ಅವನ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಎಡಗಡೆ ಸಾಕ್ಷಿಯ ಸಂಖ್ಯೆ, ನಡುವೆ ಮುಖ್ಯ ವಿಚಾರಣೆಯಲ್ಲಿ ಹೇಳಿದ್ದು, ಬಲಗಡೆ ಪಾಟಿ ಸವಾಲಿನಲ್ಲಿ ಉಳಿದದ್ದು ಎಂದು ಗೆರೆ ಎಳೆದುಕೊಟ್ಟೆ. ನೀವೂ ಹಾಗೇ ಎಳೆದುಕೊಳ್ಳಿ. ಲೈವ್ ಚಾಟ್ ಮುಚ್ಚಿಡಿ, ಅಲ್ಲಿ ಇರುವುದು ಬೈಗುಳ ಮತ್ತು ಹೃದಯದ ಚಿತ್ರ. ವಾಯಿದೆ ಮುಂದಕ್ಕೆ ಹೋದ ದಿನ ಬೇಸರ ಮಾಡಿಕೊಳ್ಳದೆ ಹಿಂದಿನ ಪುಟ ತಿರುವಿ. ವಿಚಾರಣೆ ಇರುವ ದಿನ ಸಂಜೆ ಎಂಟಕ್ಕೆ ನಮ್ಮ ಮನೆಯ ಗೇಟು ತೆರೆದಿರುತ್ತದೆ. ಬಲಗಡೆಯ ಸಾಲು ಖಾಲಿ ಬಿಟ್ಟುಕೊಂಡು ಬನ್ನಿ.