ಪರಿಚಿತ ಕತೆ, ಅಪರಿಚಿತ ವಾಕ್ಯ: ಸರಳ ಸಂಸ್ಕೃತದ ಮಕ್ಕಳ ಕತೆಗಳು ಮತ್ತು ಕನ್ನಡ ಕಲಿಕಾರ್ಥಿ

ಮಕ್ಕಳ ಪ್ರಸಿದ್ಧ ಕೃತಿಗಳನ್ನು ಶಾಸ್ತ್ರೀಯ ಭಾಷೆಗೆ ತಂದರೆ ಕಲಿಕೆ ಸುಲಭವಾಗುತ್ತದೆಂಬ ನಂಬಿಕೆಗೆ ಲ್ಯಾಟಿನ್ ಅನುವಾದಗಳನ್ನು ನಿದರ್ಶನವಾಗಿ ಕೊಡುವುದುಂಟು. ಅಲೆಕ್ಸಾಂಡರ್ ಲೆನಾರ್ಡ್ 1958ರಲ್ಲಿ ಬ್ರೆಜಿಲ್‌ನಲ್ಲಿ ಹೊರತಂದ ‘ವಿನ್ನಿ ಇಲ್ಲೆ ಪು’ 1960ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ ಅಪಾರವಾಗಿ ಮಾರಾಟವಾಯಿತು. 2003ರಲ್ಲಿ ಪೀಟರ್ ನೀಡಮ್ ‘ಹ್ಯಾರಿ ಪಾಟರ್’ ಸರಣಿಯ ಮೊದಲ ಕಾದಂಬರಿಯನ್ನು ಅನುವಾದಿಸಿದರು. ಆದರೆ ಕತೆ ಪರಿಚಿತವಾಗಿರುವುದು ಬೇರೆ, ವಾಕ್ಯ ಸುಲಭವಾಗಿರುವುದು ಬೇರೆ. ಇಂಗ್ಲಿಷಿನ ಪರೋಕ್ಷೋಕ್ತಿ ಲ್ಯಾಟಿನ್‌ಗೆ ಬಂದಾಗ ಕರ್ತೃಪದ ದ್ವಿತೀಯಾ ವಿಭಕ್ತಿಯನ್ನೂ ಕ್ರಿಯೆ ಭಾವರೂಪವನ್ನೂ ತಾಳುತ್ತದೆ. ಈ ಕ್ಲೇಶವನ್ನು ಕರಡಿಯ ಕತೆ ನಿವಾರಿಸದು.

ಕನ್ನಡದಿಂದ ಸಂಸ್ಕೃತಕ್ಕೆ ಹೋಗುವವರ ಸ್ಥಿತಿ ಇದಕ್ಕೆ ವಿರುದ್ಧವಾದುದು. ‘ಎಂದು’ ಎಂಬಲ್ಲಿ ‘ಇತಿ’, ‘ಹೋಗಿ’ ಎಂಬಲ್ಲಿ ‘ಗತ್ವಾ’. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. 1173ರ ಬೂಚೇಶ್ವರ ದೇವಾಲಯವಿರುವ ಕೊರವಂಗಲದ ಸೀಮೆಯಲ್ಲಿ, ಸಂಸ್ಕೃತ ಶ್ಲೋಕದಿಂದ ಆರಂಭವಾಗಿ ಕನ್ನಡದಲ್ಲಿ ಮುಂದುವರಿಯುವ ಹೊಯ್ಸಳ ಶಾಸನಗಳ ಈ ನಾಡಿನಲ್ಲಿ, ಈ ಸಾಮೀಪ್ಯ ಹೊಸತಲ್ಲ. ನಮ್ಮ ಆಕ್ಷೇಪವಿರುವುದು ಈ ಸಾಮೀಪ್ಯವನ್ನೇ ಬೋಧನಕ್ರಮವೆಂದು ತಿಳಿಯುವ ಬಗೆಗೆ.

ಮೊದಲನೆಯದು ಪದಕೋಶ. ‘ಸಃ ಬಾಲಂ ಶಿಕ್ಷಯತಿ’ ಎಂಬ ವಾಕ್ಯದಲ್ಲಿ ಪಾಠ ನಡೆಯುತ್ತಿದೆ. ಕನ್ನಡದ ಮಗುವಿಗೆ ಅಲ್ಲಿ ಬೆತ್ತ ಕಾಣುತ್ತದೆ. ‘ಅನುಮಾನ’, ‘ಅವಸರ’, ‘ಚೇಷ್ಟಾ’ ಇವೂ ಇಂಥವೇ. ತತ್ಸಮಗಳನ್ನು ಧಾರಾಳವಾಗಿ ಬಳಸುವ ಅನುವಾದ ಅರ್ಥವಾದಂತೆ ತೋರುತ್ತದೆ. ಆ ತೋರಿಕೆಯೇ ತೊಡಕು, ಏಕೆಂದರೆ ತಪ್ಪಾಗಿ ಅರ್ಥಮಾಡಿಕೊಂಡ ಓದುಗ ನಿಘಂಟನ್ನು ತೆರೆಯುವುದಿಲ್ಲ.

ಎರಡನೆಯದು, ಇನ್ನೂ ಗಹನವಾದುದು, ವಾಕ್ಯರಚನೆ. ಸಂಭಾಷಣಾ ಶಿಬಿರಗಳ ಮೂಲಕ ಪ್ರಚಲಿತವಾದ ಸರಳ ಸಂಸ್ಕೃತ ಭೂತಕಾಲಕ್ಕೆ ಕ್ತವತು ರೂಪಗಳನ್ನು ನೆಚ್ಚುತ್ತದೆ: ‘ಉಕ್ತವಾನ್’, ‘ಉಕ್ತವತೀ’. ಇವು ಲಿಂಗವನ್ನು ಸೂಚಿಸುವುದರಿಂದ ‘ಹೇಳಿದನು’, ‘ಹೇಳಿದಳು’ ಎಂಬುವಕ್ಕೆ ನೇರವಾಗಿ ಹೊಂದುತ್ತವೆ. ‘ಅಬ್ರವೀತ್’ ಹಾಗೆ ಹೊಂದುವುದಿಲ್ಲ. ಆದರೆ ಪಂಚತಂತ್ರದ ಗದ್ಯದಲ್ಲಿ ಕಲಿಕಾರ್ಥಿ ಮತ್ತೆ ಮತ್ತೆ ಎದುರಿಸುವುದು ‘ತೇನ ಉಕ್ತಮ್’ ಎಂಬ ಬಗೆಯ, ಕರ್ತೃ ತೃತೀಯೆಯಲ್ಲಿರುವ ರಚನೆಯನ್ನು. ‘ಅವನಿಂದ ಹೇಳಲ್ಪಟ್ಟಿತು’ ಎಂಬುದು ಕನ್ನಡದ ಜಾಯಮಾನಕ್ಕೆ ಒಗ್ಗದು; ಆದ್ದರಿಂದಲೇ ಕನ್ನಡದ ಎರಕದಲ್ಲಿ ಹೊಯ್ದ ಸಂಸ್ಕೃತದಿಂದ ಇದು ಮೊದಲು ಜಾರಿಹೋಗುತ್ತದೆ. ಕಲಿಕಾರ್ಥಿಗೆ ಯಾವುದು ಅತ್ಯಗತ್ಯವೋ ಅದೇ ಹೀಗೆ ಲೋಪವಾಗುತ್ತದೆ.

ಲಕಾರಗಳ ಭಾರವನ್ನು ಇಳಿಸಿದ್ದರಿಂದಲೇ ಸಾವಿರಾರು ಜನ ಸಂಸ್ಕೃತದಲ್ಲಿ ಬಾಯಿಬಿಟ್ಟರೆಂಬ ಸಮರ್ಥನೆಯುಂಟು. ಮಾತಿನ ಮಟ್ಟಿಗೆ ಅದನ್ನು ನಾವು ಒಪ್ಪುತ್ತೇವೆ. ಆದರೆ ಕತೆಪುಸ್ತಕದ ಗುರಿ ಓದು. ಅದು ಮುಂದಿನ ಗ್ರಂಥಕ್ಕೆ ದಾಟಿಸದಿದ್ದರೆ ತನ್ನಲ್ಲೇ ಮುಗಿದುಹೋಗುವ ಉಪಭಾಷೆಯೊಂದನ್ನು ಕಲಿಸಿದಂತಾಗುತ್ತದೆ.

ಪರಿಹಾರ ಕತೆಯ ಸ್ವಭಾವದಲ್ಲಿಯೇ ಇದೆ. ಮಕ್ಕಳ ಕತೆ ಪುನರುಕ್ತಿಯಿಂದ ಬೆಳೆಯುತ್ತದೆ. ನರಿ ಮೂರು ಸಲ ಮಾತಾಡಿದರೆ ಮೊದಲ ಸಲ ‘ಶೃಗಾಲಃ ಉಕ್ತವಾನ್’, ಮುಂದಿನ ಎರಡು ಸಲ ‘ಶೃಗಾಲೇನ ಉಕ್ತಮ್’ ಎನ್ನಬಹುದು. ಸಂದರ್ಭವೇ ಅರ್ಥವನ್ನು ಹಿಡಿದುಕೊಟ್ಟಾಗ ರೂಪ ಹೊರೆಯಾಗುವುದಿಲ್ಲ. ಲ್ಯಾಟಿನ್ ಅನುವಾದಕ ಕತೆಯನ್ನು ಹೊರಗಿನಿಂದ ತರಬೇಕಾಯಿತು. ಸಂಸ್ಕೃತಕ್ಕೆ ಆ ಕೊರತೆಯಿಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದಾನೆ. ಹಿತೋಪದೇಶವಂತೂ ಸಂಸ್ಕೃತೋಕ್ತಿಯಲ್ಲಿ ಪಾಟವವನ್ನು ತನ್ನ ಫಲವೆಂದೇ ಸಾರುತ್ತದೆ. ಕನ್ನಡದ ಮಗು ಬಲ್ಲ ಕತೆಗೆ ಸಂಸ್ಕೃತದ ಮೂಲ ಇದ್ದೇ ಇರುವಾಗ, ಅನುವಾದ ಆ ಮೂಲದ ವಾಕ್ಯಕ್ಕೆ ಮೆಟ್ಟಿಲಾಗುವಂತೆ ಅದನ್ನು ಶ್ರೇಣೀಕರಿಸುವುದೇ ಅನುವಾದಕನ ನಿಜವಾದ ಹೊಣೆ.